ಶಾಲಾ ಬಸ್ಸಿನ ಹೊಗೆ: ತಪಾಸಣೆಯ ಪಟ್ಟಿಗೆ ಬಾನೆಟ್ಟೂ ಸೇರಲಿ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗುವ ಹೊತ್ತಿಗೆ ಸಾರಿಗೆ ಇಲಾಖೆಯವರು ಶಾಲಾ ವಾಹನಗಳನ್ನು ತಡೆದು ತಪಾಸಣೆ ಮಾಡುವ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ತುರ್ತು ಬಾಗಿಲು ತೆರೆಯುತ್ತದೆಯೇ, ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದಿದೆಯೇ, ವೇಗ ನಿಯಂತ್ರಕ ಇದೆಯೇ, ಪ್ರಥಮ ಚಿಕಿತ್ಸೆಯ ಡಬ್ಬಿ ಖಾಲಿಯೇ ಎಂದೆಲ್ಲ ನೋಡುತ್ತಾರೆ. ನೋಡಲೇಬೇಕಾದ ಸಂಗತಿಗಳೇ. ಆದರೆ ಹೊಗೆಯ ಸರದಿ ಬಂದಾಗ ಎಮಿಷನ್ ಸರ್ಟಿಫಿಕೇಟು ಚಾಲ್ತಿಯಲ್ಲಿದೆಯೇ ಎಂದು ನೋಡಿದರೆ ಕೆಲಸ ಮುಗಿಯಿತು. ಬಸ್ಸಿನೊಳಗೆ ಕೂತ ಮಗು ಏನನ್ನು ಉಸಿರಾಡುತ್ತಿದೆ ಎಂಬುದನ್ನು ಆ ಚೀಟಿ ಹೇಳುವುದಿಲ್ಲ. ಡೀಸೆಲ್ ಎಂಜಿನ್ ರಿಪೇರಿ ಮತ್ತು ಬಸ್ಸುಗಳ ನಿರ್ವಹಣೆಯಲ್ಲಿರುವ ನಾವು ಕೆಲವರು ಸೇರಿ ಬರೆಯುತ್ತಿರುವ ಪತ್ರ ಇದು. ಹೊಸ ಬಸ್ ಕೊಳ್ಳದೆಯೂ ಮಾಡಬಹುದಾದ ಕೆಲಸಗಳ ಬಗ್ಗೆಯೇ ಹೆಚ್ಚು ಹೇಳುತ್ತೇವೆ.

ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತಪಡಿಸಿ, ಅದನ್ನು ಮೊದಲ ವರ್ಗಕ್ಕೆ ಸೇರಿಸಿದೆ. ಮಕ್ಕಳಿಗೆ ಅದಕ್ಕಿಂತ ಹತ್ತಿರದ ಅಪಾಯ ಉಬ್ಬಸ, ಕೆಮ್ಮು, ಬೆಳೆಯುತ್ತಿರುವ ಶ್ವಾಸಕೋಶ ಪೂರ್ತಿ ಬೆಳೆಯದೆ ಉಳಿಯುವುದು. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಗೇಟಿನ ಬಳಿ ಸಾಲಾಗಿ ನಿಂತಾಗ ಅವರ ಮೂಗು ಸೈಲೆನ್ಸರಿಗೆ ನಮ್ಮ ಮೂಗಿಗಿಂತ ಹತ್ತಿರ. ಅಮೆರಿಕದ ಸಿಯಾಟಲ್ ಸುತ್ತಮುತ್ತ ಶಾಲಾ ಬಸ್ಸಿನಲ್ಲಿ ಓಡಾಡುವ 275 ಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಡಿಮೆ ಗಂಧಕದ ಡೀಸೆಲ್ ಬಳಸಿ, ಸೈಲೆನ್ಸರಿಗೆ ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರನ್ನೂ ಎಂಜಿನ್ ಒಳಗಿನ ಅನಿಲವನ್ನು ಹೊರಬಿಡುವ ಬ್ರೀದರ್ ಕೊಳವೆಗೆ ಫಿಲ್ಟರನ್ನೂ ಹಾಕಿದ ಮೇಲೆ ಮಕ್ಕಳ ಶ್ವಾಸಕೋಶದ ಉರಿಯೂತ ತಗ್ಗಿತು, ಗೈರುಹಾಜರಿಯೂ ಇಳಿಯಿತು. ಉಬ್ಬಸವಿದ್ದ ಮಕ್ಕಳಿಗೆ ಇದರ ಲಾಭ ಇನ್ನೂ ಹೆಚ್ಚು ಸಿಕ್ಕಿತು. ಕಡಿಮೆ ಗಂಧಕದ ಡೀಸೆಲ್ ನಮಗೆ 2020ರಿಂದಲೇ ಎಲ್ಲ ಬಂಕುಗಳಲ್ಲೂ ಸಿಗುತ್ತಿದೆ. ಹಳೆಯ ಬಸ್ಸುಗಳ ಮಟ್ಟಿಗೆ ಉಳಿದ ಎರಡರ ಕಡೆ ನಾವು ತಿರುಗಿಯೂ ನೋಡಿಲ್ಲ.

ಮೊದಲು ಎಮಿಷನ್ ಟೆಸ್ಟಿನ ವಿಷಯ. ಡೀಸೆಲ್ ವಾಹನವನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಹೊರಬರುವ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಯಂತ್ರ ಅಳೆಯುತ್ತದೆ. ಗಾಡಿ ತಯಾರಾದಾಗ ಪಾಲಿಸಬೇಕಿದ್ದ ಹೊಗೆ ಮಿತಿಯ ಹಂತವೇ ಬಿಎಸ್, ಅಂದರೆ ಭಾರತ್ ಸ್ಟೇಜ್. ಆ ಯಂತ್ರದ ಅಳತೆಯಲ್ಲಿ ಬಿಎಸ್-4ಕ್ಕಿಂತ ಹಳೆಯ ಗಾಡಿಗೆ ಮಿತಿ 2.45, ಬಿಎಸ್-4ಕ್ಕೆ 1.62, ಬಿಎಸ್-6ಕ್ಕೆ 0.7. ಅಂದರೆ ಹಳೆಯ ಬಸ್ಸು ಹೊಸದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ದಟ್ಟ ಹೊಗೆ ಬಿಟ್ಟರೂ ಇಬ್ಬರಿಗೂ ಸಿಗುವುದು ಪಾಸ್ ಎಂಬ ಒಂದೇ ಚೀಟಿ. ಸಾರಜನಕದ ಆಕ್ಸೈಡುಗಳನ್ನು ಈ ಟೆಸ್ಟು ಅಳೆಯುವುದೇ ಇಲ್ಲ. ಬೆಳಕನ್ನು ತಡೆಯದಷ್ಟು ಸಣ್ಣ ಕಣಗಳು ಲೆಕ್ಕಕ್ಕೆ ಸಿಗುವುದಿಲ್ಲ, ಶ್ವಾಸಕೋಶದ ತಳಕ್ಕೆ ಇಳಿಯುವುದು ಅವೇ. ಇನ್ನು ಅಡ್ಡದಾರಿಗಳು. ಎಂಜಿನ್ ಆಯಿಲ್ 60 ಡಿಗ್ರಿಯಾದರೂ ಬಿಸಿಯಾಗಿರಬೇಕು ಎಂಬ ನಿಯಮವನ್ನು ಬಿಟ್ಟು ತಣ್ಣಗಿನ ಎಂಜಿನ್ನಿಗೇ ಟೆಸ್ಟು ಮಾಡುವುದು, ಪೆಡಲನ್ನು ಅರ್ಧಕ್ಕೇ ಒತ್ತಿ ಬಿಡುವುದು, ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಯಾದರೆ ಟೆಸ್ಟಿನ ಮುಂಚೆ ಡೀಸೆಲ್ ಸ್ಕ್ರೂ ಇಳಿಸಿ ಆಮೇಲೆ ಮತ್ತೆ ಏರಿಸುವುದು. ಗ್ಯಾರೇಜಿನಲ್ಲಿ ಇವೆಲ್ಲ ಗುಟ್ಟಾಗಿ ಉಳಿದಿಲ್ಲ.

ಈಗ ಯಾರೂ ನೋಡದ ಜಾಗಕ್ಕೆ ಬರೋಣ. ನಮ್ಮ ಬಹುಪಾಲು ಶಾಲಾ ಬಸ್ಸುಗಳಲ್ಲಿ ಎಂಜಿನ್ ಇರುವುದು ಚಾಲಕನ ಪಕ್ಕದಲ್ಲಿ, ಬಸ್ಸಿನ ಒಳಗೇ. ಅದರ ಮೇಲೊಂದು ಬಾನೆಟ್. ಆಯಾ ಕೂರುವುದು, ಮಕ್ಕಳ ಬ್ಯಾಗುಗಳನ್ನು ಪೇರಿಸುವುದು, ಕೆಲವು ಸಲ ಪುಟ್ಟ ಮಕ್ಕಳನ್ನೇ ಕೂರಿಸುವುದು ಅದರ ಮೇಲೆಯೇ. ಬಾನೆಟ್ಟಿನ ಸುತ್ತ ಇರುವ ರಬ್ಬರ್ ಬೀಡಿಂಗ್ ಬಿಸಿಗೆ ಎರಡು ಮೂರು ವರ್ಷದಲ್ಲಿ ಗಟ್ಟಿಯಾಗಿ ಸೀಳುತ್ತದೆ. ಕ್ಲಿಪ್ಪುಗಳು ಸಡಿಲವಾಗುತ್ತವೆ. ಗೇರ್ ಲಿವರಿನ ರಬ್ಬರ್ ಬೂಟ್ ಹರಿಯುತ್ತದೆ. ಅಲ್ಲಿಂದಾಚೆ ಎಂಜಿನ್ ಕೋಣೆಯ ಗಾಳಿಗೂ ಮಕ್ಕಳು ಕೂತಿರುವ ಜಾಗಕ್ಕೂ ನಡುವೆ ತಡೆಯೇ ಇರುವುದಿಲ್ಲ.

ಆ ಗಾಳಿಯಲ್ಲಿ ಏನಿರುತ್ತದೆ ಎನ್ನುವುದೇ ಮುಖ್ಯ. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿದ ಅನಿಲ, ಆಯಿಲ್ ಮಂಜಿನ ಸಮೇತ ಬ್ರೀದರ್ ಕೊಳವೆಯಿಂದ ಹೊರಬರುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಈ ಕೊಳವೆಯನ್ನು ಎಂಜಿನ್ ಪಕ್ಕದಲ್ಲೇ ಕೆಳಮುಖವಾಗಿ ಬಯಲಿಗೆ ಬಿಟ್ಟಿರುತ್ತಾರೆ. ಅದು ಸೈಲೆನ್ಸರ್ ಮೂಲಕ ಹೋಗುವುದಿಲ್ಲ. ಹಾಗಾಗಿ ಎಮಿಷನ್ ಟೆಸ್ಟಿನ ಪೈಪಿಗೂ ಸಿಗುವುದಿಲ್ಲ. ಅಮೆರಿಕದ ಶಾಲಾ ಬಸ್ಸುಗಳ ಒಳಗೆ ಅಳತೆ ಮಾಡಿದವರಿಗೆ ಕಂಡದ್ದೂ ಇದೇ. ಸೈಲೆನ್ಸರಿಗೆ ದುಬಾರಿ ಫಿಲ್ಟರ್ ಹಾಕಿದ ಮೇಲೂ ಒಳಗಿನ ಸೂಕ್ಷ್ಮ ಕಣಗಳು ನಿರೀಕ್ಷಿಸಿದಷ್ಟು ಇಳಿಯಲಿಲ್ಲ, ಏಕೆಂದರೆ ಅವು ಬ್ರೀದರಿನಿಂದ ಹೊರಟು ಮುಂಬಾಗಿಲಿನ ಮೂಲಕ ಒಳಗೆ ಬರುತ್ತಿದ್ದವು. ಅಲ್ಲಿನ ಬಹುಪಾಲು ಶಾಲಾ ಬಸ್ಸುಗಳಿಗೆ ಎಂಜಿನ್ ಹೊರಗಡೆ, ಮೂತಿಯ ಹಾಗೆ ಮುಂದಕ್ಕೆ ಚಾಚಿರುತ್ತದೆ. ನಮ್ಮಲ್ಲಿ ಒಳಗೇ ಇದೆ!

ಪತ್ತೆ ಹಚ್ಚಲು ಯಂತ್ರ ಬೇಕಿಲ್ಲ. ಕತ್ತಲಾದ ಮೇಲೆ ಎಂಜಿನ್ ಆರಿಸಿ, ಪೂರ್ತಿ ತಣ್ಣಗಾದ ನಂತರ ಬಾನೆಟ್ಟಿನ ಕೆಳಗೊಂದು ಹ್ಯಾಂಡ್ ಲ್ಯಾಂಪ್ ಇಟ್ಟು ಮುಚ್ಚಿ. ಬಸ್ಸಿನೊಳಗಿನ ದೀಪಗಳನ್ನೆಲ್ಲ ಆರಿಸಿ. ಬೆಳಕು ಇಣುಕುವ ಪ್ರತಿ ಸಂದಿಯೂ ಹೊಗೆಯ ದಾರಿ. ಬಾನೆಟ್ ಅಂಚು, ಗೇರ್ ಬೂಟ್, ಪೆಡಲುಗಳ ಕೆಳಗಿನ ತೂತು, ವೈರುಗಳು ಹಾದುಹೋಗುವ ರಂಧ್ರ, ನೆಲದ ಪ್ಲೈವುಡ್ ಕೂಡುವ ಜಾಗ, ಇವೆಲ್ಲವನ್ನೂ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ. ಬೀಡಿಂಗನ್ನು ತುಂಡು ಜೋಡಿಸದೆ ಸುತ್ತಲೂ ಒಂದೇ ಉದ್ದದಲ್ಲಿ ಹೊಸದಾಗಿ ಹಾಕಬೇಕು. ಜೋಡಣೆಯಲ್ಲೇ ಸೋರುತ್ತದೆ. ಬಿಸಿ ತಡೆಯುವ ರಬ್ಬರನ್ನೇ ಬಳಸಬೇಕು. ಮಾಮೂಲಿ ಸ್ಪಂಜ್ ಪಟ್ಟಿ ಆರು ತಿಂಗಳಲ್ಲಿ ಪುಡಿಯಾಗುತ್ತದೆ, ಎಂಜಿನ್ ಹತ್ತಿರ ಅದನ್ನಿಟ್ಟರೆ ಬೆಂಕಿಯ ಭಯ ಬೇರೆ. ಬೀಡಿಂಗ್, ಕ್ಲಿಪ್ಪು, ಬೂಟ್ ಎಲ್ಲ ಸೇರಿ ಇದು ಒಂದು ದಿನದ ಕೆಲಸ.

ಬ್ರೀದರಿಗೆ ಎರಡು ದಾರಿಗಳಿವೆ. ಕಂಪನಿಯದೇ ಆಯಿಲ್ ಸೆಪರೇಟರ್ ಆ ಎಂಜಿನ್ ಮಾದರಿಗೆ ಸಿಗುವುದಾದರೆ ಅದನ್ನು ಹಾಕಿ, ಅದರ ಎಲಿಮೆಂಟನ್ನು ಹೇಳಿದ ಅವಧಿಗೆ ಬದಲಿಸುತ್ತಿರುವುದು ಉತ್ತಮ. ಸಿಗದಿದ್ದರೆ ಆಯಿಲ್ ತಡೆಯುವ ಹೋಸನ್ನು ಬಾಗಿಲು ದಾಟಿಸಿ ಹಿಂದಕ್ಕೆ ಒಯ್ಯಬೇಕು. ಉದ್ದಕ್ಕೂ ಇಳಿಜಾರು ಇರಲಿ, ಎಲ್ಲೂ ಜೋತು ಬೀಳಬಾರದು. ಜೋತುಬಿದ್ದ ಕಡೆ ಆಯಿಲ್ ನಿಂತು ದಾರಿ ಕಟ್ಟಿದರೆ ಒಳಗಿನ ಒತ್ತಡಕ್ಕೆ ಆಯಿಲ್ ಸೀಲುಗಳೇ ಹೊಡೆದುಹೋಗುತ್ತವೆ. ಎಂಜಿನ್ ಐಡಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಜೋಪಾನವಾಗಿ ತೆಗೆದು ನೋಡಿದಾಗ ಬುಸುಬುಸು ಎಂದು ಹೊಗೆ ಉಗುಳಿದರೆ ಅದು ನಾವು ಬ್ಯಾಕ್ ಕಂಪ್ರೆಷನ್ ಎನ್ನುವ ಕಾಯಿಲೆ. ರಿಂಗು, ಲೈನರ್ ಸವೆದಿವೆ ಎಂದರ್ಥ. ಅಂಥ ಎಂಜಿನ್ನಿಗೆ ಹೋಸು, ಬೀಡಿಂಗು ಏನೂ ಸಾಲದು, ಬಿಚ್ಚಿ ಕೆಲಸ ಮಾಡಿಸಬೇಕು. ಅಲ್ಲಿಯವರೆಗೆ ಮಕ್ಕಳನ್ನು ಹತ್ತಿಸಬಾರದು.

ಸೈಲೆನ್ಸರ್ ದಾರಿಯನ್ನೂ ಒಮ್ಮೆ ಕಣ್ಣಾಡಿಸಬೇಕು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಥವಾ ಫ್ಲೆಕ್ಸಿಬಲ್ ಪೈಪು ಸೋರುತ್ತಿದ್ದರೆ ಆ ಜಾಗದಲ್ಲಿ ಕಪ್ಪು ಮಸಿ ಗೆರೆ ಕಾಣುತ್ತದೆ. ಪೈಪಿನ ತುದಿ ಬಾಡಿಯ ಅಂಚು ದಾಟಿ ಹೊರಗಿರಬೇಕು. ಅಡಿಯಲ್ಲೇ ನಿಂತರೆ ಹೊಗೆ ನೆಲದ ಕೆಳಗೆ ಸುತ್ತಿ ಒಳಗೆ ಬರುತ್ತದೆ. ಬಸ್ಸು ಓಡುವಾಗ ಅದರ ಬೆನ್ನಿಗೆ ಗಾಳಿಯ ಸುಳಿ ಏಳುತ್ತದೆ, ಹಿಂದಿನ ತುರ್ತು ಬಾಗಿಲಿನ ರಬ್ಬರ್ ಹರಿದಿದ್ದರೆ ಸ್ವಂತ ಹೊಗೆಯನ್ನೇ ಒಳಗೆಳೆದುಕೊಳ್ಳುತ್ತದೆ. ಕೊನೆಯ ಸೀಟಿನ ಮಕ್ಕಳು ವಾಂತಿ, ತಲೆನೋವು ಎಂದರೆ ಮೊದಲು ಆ ರಬ್ಬರನ್ನು ನೋಡಿ.

ಎರಡನೆಯ ಮುಖ್ಯ ಸಂಗತಿ ಗೇಟಿನ ಮುಂದೆ ನಿಂತಲ್ಲೇ ಓಡುವ ಎಂಜಿನ್. ಇದಕ್ಕೆ ಚಾಲಕರನ್ನು ಬೈದು ಪ್ರಯೋಜನವಿಲ್ಲ. ಎಂಜಿನ್ ಆರಿಸದಿರುವುದಕ್ಕೆ ಅವರಿಗೆ ಕಾರಣಗಳಿರುತ್ತವೆ. ಬ್ಯಾಟರಿ ವೀಕ್, ಆಮೇಲೆ ಸೆಲ್ಫ್ ಎತ್ತುವುದಿಲ್ಲ, ಮಕ್ಕಳನ್ನು ಹತ್ತಿಸಿಕೊಂಡು ತಳ್ಳಿಸಲಾದೀತೇ? ಇನ್ನೊಂದು ಏರ್ ಬ್ರೇಕ್. ಎಂಜಿನ್ ಆರಿಸಿದ ಹತ್ತು ನಿಮಿಷಕ್ಕೆ ಗಾಳಿ ಇಳಿದುಹೋಗಿ, ಮತ್ತೆ ಸ್ಟಾರ್ಟ್ ಮಾಡಿದಾಗ ಬಜರ್ ನಿಲ್ಲುವವರೆಗೆ ಕಾಯಬೇಕಾಗುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಈ ಎರಡೂ ರಿಪೇರಿಗೆ ಸಂಬಂಧಿಸಿದ್ದು, ಶಿಸ್ತಿಗೆ ಸಂಬಂಧಿಸಿದ್ದಲ್ಲ. ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಟ್ಟೆ ಕೊಟ್ಟು, ಗಾಳಿ ತುಂಬಿದ ಮೇಲೆ ಎಂಜಿನ್ ಆರಿಸಿ, ಗೇಜಿನ ಮುಳ್ಳು ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಅರ್ಧ ಗಂಟೆ ಬಿಟ್ಟು ನೋಡಿದಾಗಲೂ ಹೆಚ್ಚುಕಡಿಮೆ ಅಲ್ಲೇ ಇರಬೇಕು. ಇಳಿದಿದ್ದರೆ ಸೋಪಿನ ನೀರು ಹಚ್ಚುತ್ತ ಹೋಗಿ. ಟ್ಯಾಂಕಿನ ಡ್ರೈನ್ ವಾಲ್ವ್, ಬ್ರೇಕ್ ಚೇಂಬರ್, ಪೈಪಿನ ಜಾಯಿಂಟುಗಳಲ್ಲಿ ಎಲ್ಲಾದರೂ ಗುಳ್ಳೆ ಕಾಣುತ್ತದೆ. ಬ್ರೇಕಿನ ಸುರಕ್ಷತೆಗೂ ಇದು ಬೇಕಾದ ಕೆಲಸವೇ.

ಡೀಸೆಲ್ ಎಂಜಿನ್ನನ್ನು ಬೆಳಿಗ್ಗೆ ಕಾಲು ಗಂಟೆ ಬಿಸಿ ಮಾಡಬೇಕು ಎಂಬ ನಂಬಿಕೆಯೂ ಇದೆ. ನಮ್ಮ ಊರುಗಳ ಹವೆಗೆ ಅದು ಬೇಕಿಲ್ಲ, ಬ್ರೇಕಿಗೆ ಗಾಳಿ ತುಂಬುವಷ್ಟು ಹೊತ್ತು ಸಾಕು. ಮೆಲ್ಲಗೆ ಓಡಿಸಿದರೆ ಎಂಜಿನ್ ನಿಂತಿರುವುದಕ್ಕಿಂತ ಬೇಗ ಬಿಸಿಯಾಗುತ್ತದೆ. ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಟರ್ಬೊ ತಣ್ಣಗಾಗಲು ಒಂದೆರಡು ನಿಮಿಷ ಬೇಕೆನ್ನುವುದು ಘಾಟಿ ಹತ್ತಿ ಬಂದ ಗಾಡಿಗೆ ಸರಿ. ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಬಂದ ಶಾಲಾ ಬಸ್ಸಿನ ಟರ್ಬೊ ಅಷ್ಟೇನೂ ಕಾದಿರುವುದಿಲ್ಲ. ಹಣದ ಲೆಕ್ಕವನ್ನೂ ನೋಡಿ. ನಿಂತಲ್ಲೇ ಓಡುವ ನಾಲ್ಕು ಸಿಲಿಂಡರಿನ ಬಸ್ ಎಂಜಿನ್ ಗಂಟೆಗೆ ಸುಮಾರು 1 ಲೀಟರ್ ಡೀಸೆಲ್ ಕುಡಿಯುತ್ತದೆ, ಎಸಿ ಹಾಕಿದ್ದರೆ ಇನ್ನೂ ಹೆಚ್ಚು. ಎರಡೂ ಹೊತ್ತು ಸೇರಿ ದಿನಕ್ಕೆ 45 ನಿಮಿಷ ಎಂದಿಟ್ಟುಕೊಂಡರೆ 200 ಶಾಲಾ ದಿನಗಳಿಗೆ 150 ಲೀಟರ್. 20 ಬಸ್ಸುಗಳ ಶಾಲೆಗೆ 3,000 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೂ 2.7 ಲಕ್ಷ ರೂಪಾಯಿ. ವೀಕಾದ ಬ್ಯಾಟರಿಗಳನ್ನು ಬದಲಿಸಲು ಇದರಲ್ಲೇ ಹಣ ಹುಟ್ಟುತ್ತದೆ.

ಡಿಸೆಂಬರ್, ಜನವರಿಯ ಬೆಳಿಗ್ಗೆ ಗಾಳಿ ಅಲುಗದೆ ತಣ್ಣಗೆ ನೆಲಕ್ಕೆ ಕೂತಿರುತ್ತದೆ, ಬಿಟ್ಟ ಹೊಗೆ ಮೇಲೇರುವುದಿಲ್ಲ. ಒಂದರ ಹಿಂದೊಂದು ಮೂತಿಗೆ ಬಾಲ ತಾಗಿಸಿ ಬಸ್ಸು ನಿಲ್ಲಿಸಿದರೆ ಮುಂದಿನದರ ಹೊಗೆ ಹಿಂದಿನದರ ಬಾಗಿಲಿನಿಂದ ಒಳಗೆ. ಶಾಲೆಗೆ ಮೈದಾನವಿದ್ದರೆ ಓರೆಯಾಗಿ ನಿಲ್ಲಿಸಲಿ, ಮಕ್ಕಳ ಸಾಲು ಬಸ್ಸಿನ ಮುಂಭಾಗದಿಂದ ಬರಲಿ.

ಇನ್ನು ಬಿಎಸ್-6 ಬಸ್ಸುಗಳು. 2020ರ ಏಪ್ರಿಲ್ ನಂತರದ ಗಾಡಿ, ಇದಕ್ಕೇನು ಚಿಂತೆ ಎಂದು ಆಡಳಿತ ಮಂಡಳಿಗಳು ನಿರಾಳವಾಗಿವೆ. ಇವುಗಳಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇದೆ, ಸರಿಯಾಗಿದ್ದರೆ ಮಸಿಯ ಶೇ 90ಕ್ಕೂ ಹೆಚ್ಚನ್ನು ಅದು ತಡೆಯುತ್ತದೆ. ಆದರೆ ಹಿಡಿದ ಮಸಿಯನ್ನು ಸುಟ್ಟುಕೊಳ್ಳಲು ಅದಕ್ಕೆ 550–600 ಡಿಗ್ರಿ ಶಾಖ ಬೇಕು. ನಾಲ್ಕು ಕಿ.ಮೀ. ಓಡಿ ನಿಂತು, ಮತ್ತೆ ತೆವಳುವ ಶಾಲಾ ಬಸ್ಸಿನಲ್ಲಿ ಅಷ್ಟು ಶಾಖ ಹುಟ್ಟುವುದಿಲ್ಲ. ಮಸಿ ತುಂಬುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಚಾಲಕ ಕಡೆಗಣಿಸುತ್ತಾನೆ, ಕೊನೆಗೆ ಪಿಕಪ್ ಹೋಗಿ ಗಾಡಿ ನಿಲ್ಲುತ್ತದೆ. ಆಗ ಯಾರೋ ಫಿಲ್ಟರಿನ ಒಳಗನ್ನು ಕೊರೆದು ತೆಗೆದು, ಸಾಫ್ಟ್‌ವೇರ್ ಬದಲಿಸಿ ದೀಪವನ್ನೂ ಆರಿಸಿಕೊಡುತ್ತಾರೆ. ಅಲ್ಲಿಗೆ ಆ ಬಸ್ಸು ಆರ್‌ಸಿಯಲ್ಲಿ ಮಾತ್ರ ಬಿಎಸ್-6.

ತಪ್ಪಿಸುವುದು ಕಷ್ಟವಲ್ಲ. ದೀಪ ಹತ್ತಿದ ವಾರವೇ ಖಾಲಿ ಬಸ್ಸನ್ನು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿದರೆ ಹೆಚ್ಚಿನ ಸಲ ತಾನಾಗಿ ಸ್ವಚ್ಛವಾಗುತ್ತದೆ. ಆಗದಿದ್ದರೆ ನಿಂತಲ್ಲೇ ಮಸಿ ಸುಡಿಸುವ ರೀಜನರೇಷನ್ ಸ್ವಿಚ್ ಇದೆ. ಬಯಲಿನಲ್ಲಿ, ಒಣಹುಲ್ಲು, ಮಕ್ಕಳು ಯಾವುದೂ ಹತ್ತಿರವಿಲ್ಲದ ಕಡೆ ನಿಲ್ಲಿಸಿ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ ಒತ್ತಬೇಕು. ಎಂಜಿನ್ ತಾನೇ ಆರ್‌ಪಿಎಂ ಏರಿಸಿಕೊಳ್ಳುತ್ತದೆ, 20ರಿಂದ 40 ನಿಮಿಷ ಹಿಡಿಯುತ್ತದೆ. ನಡುವೆ ಆರಿಸಬಾರದು. ಪದೇ ಪದೇ ಅರ್ಧಕ್ಕೆ ನಿಲ್ಲಿಸಿದರೆ ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿಯಬಹುದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರುತ್ತಿದ್ದರೆ ಅದೇ ಕಾರಣವೆಂದು ಅನುಮಾನಿಸಿ, ಆಯಿಲ್ ಬದಲಿಸದೆ ಓಡಿಸಬೇಡಿ. ಆಯಿಲ್ ಕೂಡ ಕಂಪನಿ ಹೇಳಿದ ಕಡಿಮೆ ಬೂದಿಯ ಗ್ರೇಡೇ ಆಗಿರಬೇಕು. ಮಸಿ ಸುಡುತ್ತದೆ, ಆಯಿಲಿನಿಂದ ಬಂದ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ.

ಫಿಲ್ಟರ್ ಇದೆಯೋ ಕೊರೆದಿದ್ದಾರೋ ಎಂದು ಪೋಷಕರೂ ತಿಳಿಯಬಹುದು. ಬಿಎಸ್-6 ಬಸ್ಸಿನ ಸೈಲೆನ್ಸರ್ ತಣ್ಣಗಿರುವಾಗ ಪೈಪಿನ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಫಿಲ್ಟರ್ ಸರಿಯಿದ್ದರೆ ಬಟ್ಟೆಗೆ ಮಸಿ ಹತ್ತುವುದು ತೀರಾ ಕಡಿಮೆ. ಇದ್ದಿಲಿನಂತೆ ಕಪ್ಪಾದರೆ ಶಾಲೆಯನ್ನು ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆಗೆ ಅವಕಾಶವಿಲ್ಲ. 182ಎ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಬಿಎಸ್-6 ಬಸ್ಸುಗಳ ಇನ್ನೊಂದು ಗೋಳು ಹೊಗೆಯ ಸಾರಜನಕದ ಆಕ್ಸೈಡುಗಳನ್ನು ತಗ್ಗಿಸಲು ಹಾಕುವ ಯೂರಿಯಾ ದ್ರಾವಣ, ಅಂದರೆ ಡಿಇಎಫ್. ಶೇ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಡೀಸೆಲ್ಲಿನ ಶೇ 3–5ರಷ್ಟು ಖರ್ಚಾಗುತ್ತದೆ. ದುಡ್ಡು ಉಳಿಸಲು ಗೊಬ್ಬರದ ಯೂರಿಯಾವನ್ನು ನಲ್ಲಿ ನೀರಿಗೆ ಕಲಸಿ ಹಾಕುವವರಿದ್ದಾರೆ. ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪನವಿದೆ, ನೀರಿನಲ್ಲಿ ಸುಣ್ಣವಿದೆ. ಇಂಜೆಕ್ಟರ್ ಕಟ್ಟಿಕೊಂಡು ಕೆಟಲಿಸ್ಟ್ ಹಾಳಾಗುತ್ತದೆ, ಉಳಿಸಿದ್ದರ ಹತ್ತಾರು ಪಟ್ಟು ರಿಪೇರಿಗೆ ಹೋಗುತ್ತದೆ. ಸೀಲಾದ ಕ್ಯಾನನ್ನೇ ಕೊಳ್ಳಿ, ತಾರೀಕು ನೋಡಿ, ನೆರಳಿನಲ್ಲಿಡಿ. ಬೇಸಿಗೆ ರಜೆಯಲ್ಲಿ ಬಿಸಿಲಿಗೆ ನಿಂತ ಬಸ್ಸಿನ ಟ್ಯಾಂಕಿನಲ್ಲಿದ್ದ ಹಳೆಯ ದ್ರಾವಣವನ್ನು ಶಾಲೆ ಶುರುವಾಗುವ ಮುಂಚೆ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ, ಸಾಂದ್ರತೆ ತಪ್ಪಿದ್ದರೆ ಚೆಲ್ಲಿ ಹೊಸದು ತುಂಬಿಸಿ.

ಬಿಎಸ್-3, ಬಿಎಸ್-4 ಬಸ್ಸುಗಳಿಗೆ ಹಳೆಯ ಮದ್ದೇ ಮದ್ದು. ಕರಿ ಹೊಗೆ ಬಂದರೆ ಮೊದಲು ಏರ್ ಫಿಲ್ಟರ್ ಮತ್ತು ಟರ್ಬೊ ಹೋಸು, ಆಮೇಲೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳ ಟೆಸ್ಟು, ಡೀಸೆಲ್ ಪಂಪಿನ ಕ್ಯಾಲಿಬ್ರೇಷನ್. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ಸಿಲಿಂಡರಿಗೆ ನೀರು ಸೇರುತ್ತಿದೆ. ಯಾವ ಬಸ್ಸು ಯಾವ ಮಟ್ಟದ್ದು ಎಂದು ಆರ್‌ಸಿಯಲ್ಲಿ, ಎಂ-ಪರಿವಾಹನ್ ಆ್ಯಪಿನಲ್ಲಿ ಇರುತ್ತದೆ. ಅದನ್ನು ನೋಡಿ ಹೊಸ ಬಸ್ಸನ್ನು ಅತಿ ಉದ್ದದ ರೂಟಿಗೆ, ಹಳೆಯದನ್ನು ಅತಿ ಗಿಡ್ಡ ರೂಟಿಗೆ ಹಾಕಿದರೆ ಒಂದು ರೂಪಾಯಿ ಖರ್ಚಿಲ್ಲದೆ ಮಕ್ಕಳು ಹೊಗೆಯಲ್ಲಿ ಕಳೆಯುವ ಹೊತ್ತು ಇಳಿಯುತ್ತದೆ. ಸಾಮಾನ್ಯವಾಗಿ ಆಗುತ್ತಿರುವುದು ಉಲ್ಟಾ. ಹೊಸ ಬಸ್ಸು ಮುಖ್ಯ ರಸ್ತೆಯ ಶೋಕಿಗೆ, ಹಳೆಯದು ಊರಾಚೆಯ ಹಳ್ಳಿಗಳಿಗೆ.

ಸಿಎನ್‌ಜಿ ಬಸ್ಸಿನಲ್ಲಿ ಮಸಿ ಬಹಳ ಕಡಿಮೆ, ಬಂಕು ಹತ್ತಿರವಿದ್ದರೆ ಒಳ್ಳೆಯದೇ. ವಿದ್ಯುತ್ ಬಸ್ಸಿಗೆ ಶಾಲೆಯ ಓಟಕ್ಕಿಂತ ಹೇಳಿಮಾಡಿಸಿದ ಕೆಲಸ ಇನ್ನೊಂದಿಲ್ಲ. ಕಡಿಮೆ ಕಿ.ಮೀ., ನಿಗದಿತ ರೂಟು, ನಡು ಹಗಲು ಚಾರ್ಜ್ ಮಾಡಲು ಗಂಟೆಗಟ್ಟಲೆ ಬಿಡುವು. ಕೇಂದ್ರದ ಸಹಾಯಧನ ಸದ್ಯ ಸಾರಿಗೆ ನಿಗಮಗಳ ಬಸ್ಸುಗಳ ಕಡೆ ಹರಿಯುತ್ತಿದೆ. ರಾಷ್ಟ್ರೀಯ ಶುದ್ಧ ಗಾಳಿ ಯೋಜನೆಯಡಿ ಇರುವ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿಗಳಲ್ಲಾದರೂ ರಸ್ತೆ ಧೂಳು ಗುಡಿಸುವುದರ ಜೊತೆಗೆ ಶಾಲಾ ಬಸ್ಸಿಗೂ ಒಂದಿಷ್ಟು ಪಾಲು ಇಡಬಹುದು. ಹೊಗೆಗೆ ಹೆದರಿ ಮಕ್ಕಳನ್ನು ಕಾರಿನಲ್ಲಿ ಬಿಡಲು ಹೊರಡುವವರಿಗೆ ಒಂದು ಮಾತು: 40 ಮಕ್ಕಳಿಗೆ 40 ಕಾರಾದರೆ ಗೇಟಿನ ಗಾಳಿ ಇನ್ನೂ ಕೆಡುತ್ತದೆ.

ಇಲಾಖೆಯಿಂದ ನಾವು ಕೇಳುವುದು ಇಷ್ಟು. ಶಾಲಾ ಬಸ್ಸುಗಳ ಎಫ್‌ಸಿ, ಅಂದರೆ ಅರ್ಹತಾ ಪತ್ರದ ತಪಾಸಣೆಯ ಸಮಯದಲ್ಲಿ ಬಾನೆಟ್ ಬೀಡಿಂಗ್, ಬ್ರೀದರ್ ಕೊಳವೆ, ಹಿಂಬಾಗಿಲಿನ ರಬ್ಬರುಗಳನ್ನು ತಪಾಸಣೆಯ ಪಟ್ಟಿಗೆ ಸೇರಿಸಿ. ಬಿಎಸ್-6 ಬಸ್ಸುಗಳಿಗೆ ಸ್ಕ್ಯಾನರ್ ಹಾಕಿ ದೋಷಗಳ ಪ್ರಿಂಟ್ ತೆಗೆಯಿರಿ, ಜೊತೆಗೆ ಪೈಪಿಗೆ ಬಿಳಿ ಬಟ್ಟೆ ಒರೆಸಿ ನೋಡಿ, ಏಕೆಂದರೆ ಸಾಫ್ಟ್‌ವೇರ್ ಬದಲಿಸಿದ ಗಾಡಿಯಲ್ಲಿ ಸ್ಕ್ಯಾನರ್ ಸುಳ್ಳು ಹೇಳುತ್ತದೆ. ಶಿಕ್ಷಣ ಇಲಾಖೆ ಶಾಲಾ ಗೇಟಿಗೊಂದು ನಿಯಮ ಮಾಡಲಿ. ಕ್ಯಾಲಿಫೋರ್ನಿಯಾದಲ್ಲಿ 2003ರಿಂದಲೇ ಶಾಲೆಗೆ ಬಂದ ಬಸ್ಸು ಎಂಜಿನ್ ಆರಿಸಬೇಕು, ಹೊರಡುವ 30 ಸೆಕೆಂಡಿಗಿಂತ ಮುಂಚೆ ಸ್ಟಾರ್ಟ್ ಮಾಡುವಂತಿಲ್ಲ. ನಮ್ಮಲ್ಲಿ ಏರ್ ಬ್ರೇಕಿಗಾಗಿ ಅದನ್ನು ಎರಡು ನಿಮಿಷ ಎಂದಿಟ್ಟುಕೊಂಡರೂ ಸಾಕು. ಪ್ರತಿ ಶಾಲೆ ತನ್ನ ಬಸ್ಸುಗಳ ಬಿಎಸ್ ಮಟ್ಟ, ತಯಾರಾದ ವರ್ಷ, ರೂಟುಗಳನ್ನು ನೋಟಿಸ್ ಬೋರ್ಡಿಗೆ ಹಾಕಲಿ. ಇವನ್ನೆಲ್ಲ ತಿಳಿಸುವ ಸುತ್ತೋಲೆ ಏಪ್ರಿಲ್ ಮೊದಲ ವಾರದಲ್ಲೇ ಹೊರಬೀಳಬೇಕು. ರಜೆಯಲ್ಲಿ ಬಸ್ಸುಗಳು ಖಾಲಿ ನಿಂತಿರುತ್ತವೆ, ಬಿಚ್ಚಿ ಕೆಲಸ ಮಾಡಲು ಆಗಲೇ ಪುರುಸೊತ್ತು. ಮೇ ಕೊನೆಗೆ ಬಂದರೆ ಎಲ್ಲ ಶಾಲೆಯವರೂ ಒಂದೇ ಸಲ ಗ್ಯಾರೇಜಿಗೆ ನುಗ್ಗುತ್ತಾರೆ, ಬೀಡಿಂಗ್ ಬದಲು ಟೇಪ್ ಸುತ್ತಿ ಕಳಿಸುವುದಾಗುತ್ತದೆ.

– ಡೀಸೆಲ್ ಎಂಜಿನ್ ಮತ್ತು ಬಸ್ ನಿರ್ವಹಣೆಯ ಕೆಲಸದಲ್ಲಿರುವ ಕೆಲವು ಓದುಗರು, ಬೆಂಗಳೂರು